ತಿಪಟೂರಿನ ಕಾಯಲ್ಲಿ ತಿಯುಲಾ ಇಟುಮ್ ಮಾಡೋದು, ಜೊತೆಗೆ ಒಂದಷ್ಟು ತೌಸುಗ್ ಮಾತು

ನಮ್ ತುಮಕೂರು ಕಡೆ ಕಾಯಿ ಇಲ್ದೆ ಸಾರಿಲ್ಲ, ಆದ್ರೆ ಕಾಯಿನ ಇದ್ದಿಲಿನ ಥರ ಕರ್ರಗೆ ಸುಟ್ಟು ಸಾರು ಮಾಡೋ ಜನಾನೂ ಇದಾರೆ, ಫಿಲಿಪೈನ್ಸ್‌ನ ದಕ್ಷಿಣಕ್ಕೆ ಸುಲು ದ್ವೀಪಗಳಲ್ಲಿರೋ ತೌಸುಗ್ ಜನ. ಅವರ ಮದ್ವೆ, ಹಬ್ಬಕ್ಕೆ ತಿಯುಲಾ ಇಟುಮ್ ಇರ್ಲೇಬೇಕು. ತಿಯುಲಾ ಅಂದ್ರೆ ಸಾರು, ಇಟುಮ್ ಅಂದ್ರೆ ಕಪ್ಪು. ಅಲ್ಲಿ ಹೆಚ್ಚಾಗಿ ದನದ ಮಾಂಸ ಹಾಕ್ತಾರೆ, ನಾನು ಅರ್ಧ ಕೆಜಿ ಮಟನ್ ತಗೋತೀನಿ.

ಇಡೀ ಅಡುಗೆ ನಿಂತಿರೋದು ಕಾಯಿ ಸುಡೋದ್ರಲ್ಲೇ. ತಿಪಟೂರು ಕೊಬ್ರಿ ಬೇಡ, ಬಲಿತ ಹಸಿ ಕಾಯಿ ಒಂದು ಒಡೆದು, ಚೂರು ಮಾಡಿ, ಚಿಪ್ಪಿನ ಕೆಂಡದ ಮೇಲೆ ನೇರ ಹಾಕಿ, ಕಾಯೇ ಎಣ್ಣೆ ಬಿಟ್ಕೊಂಡು ಉರಿ ಹತ್ಕೊಳ್ಳುತ್ತೆ, ಗಾಬರಿ ಆಗ್ಬೇಡಿ, ತಿರುಗಿಸ್ತಾ ಇರಿ. ಕಂದು ಬಣ್ಣಕ್ಕೇ ತೆಗೆದ್ರೆ ಅದು ನಮ್ಮ ಹುರಿದ ಮಸಾಲೆ ಆಗೋಗುತ್ತೆ, ಒಳಗೂ ಹೊರಗೂ ಕಪ್ಪಾಗ್ಬೇಕು, ಬೂದಿ ಮಾತ್ರ ಆಗ್ಬಾರ್ದು. ಮನೆ ಒಳಗೆ ಮಾಡ್ಬೇಡಿ, ಹೊಗೆ ತಡ್ಕೊಳ್ಳೋಕಾಗಲ್ಲ, ಹಿತ್ತಲಲ್ಲೇ ಮಾಡಿ. ಆರಿದ್ಮೇಲೆ ನುಣ್ಣಗೆ ಕುಟ್ಟಿ, ಶುಂಠಿ, ಹಸಿ ಅರಿಶಿಣ, ಬೆಳ್ಳುಳ್ಳಿ, ಈರುಳ್ಳಿ, ಮೆಣಸಿನಕಾಯಿ, ದುಂಪರಾಸ್ಮಿ (ಶುಂಠಿ ಥರದ ಘಮದ ಗೆಡ್ಡೆ, ಇಂಗ್ಲಿಷಲ್ಲಿ ಗಲಾಂಗಲ್) ಸೇರ್ಸಿ ರುಬ್ಬಿ. ದುಂಪರಾಸ್ಮಿ ಹಸಿದು ಸಿಗ್ಲಿಲ್ಲ ಅಂದ್ರೆ ಗ್ರಂಧಿಗೆ ಅಂಗಡೀಲಿ ಒಣಗಿದ್ದು ಕೇಳಿ, ಅದನ್ನ ಬಿಟ್ರೆ ಆ ಘಮ ಬರಲ್ಲ. ಈ ಕಪ್ಪು ಮಸಾಲೆಗೆ ಅವರು ಪಮಾಪಾ ಇಟುಮ್ ಅಂತಾರೆ.

ಮಸಾಲೆನ ಮಾಂಸಕ್ಕೆ ಸವರಿ ಒಂದ್ಗಂಟೆ ಬಿಡಿ, ಎಣ್ಣೇಲಿ ಬಾಡಿಸಿ, ನೀರು, ಉಪ್ಪು, ಜಜ್ಜಿದ ನಿಂಬೆಹುಲ್ಲು ಹಾಕಿ ಸಣ್ಣ ಉರೀಲಿ ಮೆತ್ತಗಾಗೋವರ್ಗೂ ಬೇಯ್ಸಿ. ಬಿಸಿ ಅನ್ನಕ್ಕೆ ಹಾಕ್ಕೊಳ್ಳಿ, ಮುದ್ದೆಗೂ ಚೆನ್ನಾಗಿ ಹೊಂದುತ್ತೆ, ನಾನು ಹಾಗೇ ತಿನ್ನೋದು.

ಇದೇ ಮಸಾಲೆ ಕೋಳಿಗೆ ಹಾಕಿದ್ರೆ ಪಿಯಾಂಗ್ಗಾಂಗ್.

ಅಡುಗೆ ಮಾಡ್ತಾ ಮಾಡ್ತಾನೇ ತೌಸುಗ್ ಮಾತೂ ಕಲೀಬೋದು, ಮಕ್ಕಳಿಗಂತೂ ಬೇಗ ಬರುತ್ತೆ. ಕಾಯಿ ನಿಯುಗ್, ಉಪ್ಪು ಆಸಿನ್, ನೀರು ತುಬಿಗ್, ಕೋಳಿ ಮನುಕ್, ಮೀನು ಇಸ್ತ, ತಿನ್ನೋದು ಕಾಉನ್. ಬಡಿಸಿದೋರಿಗೆ ಮಗ್‌ಸುಕುಲ್ ಅನ್ನಿ, ಥ್ಯಾಂಕ್ಸ್ ಅಂತ, ಅದು ಅರಬ್ಬಿ ಶುಕ್ರ್‌ನಿಂದ ಬಂದಿದ್ದು, ನಮ್ಮೂರಲ್ಲಿ ಉರ್ದು ಮಾತಾಡೋರು ಹೇಳೋ ಶುಕ್ರಿಯಾನೂ ಅದೇ ಬೇರಿಂದು. ಊಟ ಆದ್ಮೇಲೆ ಕಾಫಿ ಕುಡಿಯೋರು ಕಹಾವಾ ಅಂತ ಕೇಳಿ.