‘ರಕ್ತ ಬೇಕು’ ಎಂದು ಮೆಸೇಜ್ ಹಾಕುವ ಮುನ್ನ

“ತುರ್ತಾಗಿ ಓ ನೆಗೆಟಿವ್ ರಕ್ತ ಬೇಕು. ದಯವಿಟ್ಟು ಎಲ್ಲರಿಗೂ ಕಳಿಸಿ.” ಈ ಸಾಲು ಬಾರದ ಮೊಬೈಲ್ ಇಲ್ಲ. ಕೆಲವು ವರ್ಷಗಳ ಹಿಂದೆ ಇಂಥದ್ದೇ ಮೆಸೇಜಿನ ಕೆಳಗೆ ನನ್ನ ನಂಬರ್ ಹಾಕಿದ್ದೆ. ಅವತ್ತೇ ಸಂಜೆ ಇಬ್ಬರು ದಾನಿಗಳು ಬಂದರು, ಆಪರೇಷನ್ ಆಯಿತು. ಆದರೆ ಫೋನ್ ನಿಲ್ಲಲಿಲ್ಲ. ಎಂಟು ತಿಂಗಳಾದ ಮೇಲೂ ಒಬ್ಬ ಹುಡುಗ ರಾತ್ರಿ ಹತ್ತಕ್ಕೆ ಕರೆ ಮಾಡಿ, “ಸರ್, ಬಸ್ ಸ್ಟ್ಯಾಂಡಲ್ಲಿದ್ದೀನಿ, ಯಾವ ವಾರ್ಡಿಗೆ ಬರ್ಲಿ?” ಎಂದ. ರಕ್ತ ಕೊಡೋಣವೆಂದು ಬಸ್ ಹತ್ತಿ ಬಂದಿದ್ದ. ಅವನನ್ನು ವಾಪಸ್ ಕಳಿಸುವಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಮೆಸೇಜಿನಲ್ಲಿ ನಾನು ದಿನಾಂಕವನ್ನೇ ಹಾಕಿರಲಿಲ್ಲ.

ಊರೂರಲ್ಲಿ ಯುವಕ ಸಂಘಗಳು, ಸಣ್ಣ ಟ್ರಸ್ಟ್‌ಗಳು ರಕ್ತದಾನದ ಕೆಲಸ ಮಾಡುತ್ತಿವೆ. ಹೆಚ್ಚಿನವರ ಆಫೀಸು, ಪ್ರಚಾರ ಎಲ್ಲವೂ ಒಂದು ಮೊಬೈಲ್ ಒಳಗೇ. ಅದನ್ನು ಸರಿಯಾಗಿ ಬಳಸುವುದು ಹೇಗೆ ಎಂದು ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಸಂಘಕ್ಕೊಂದು ನಂಬರ್

ಕಾರ್ಯದರ್ಶಿಯ ಸ್ವಂತ ನಂಬರ್ ಬೇಡ. ಬೇರೆ ಸಿಮ್ ತಗೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಎರಡು ಹಂತದ ಪಿನ್ ಹಾಕಿ, ಅದು ಇಬ್ಬರು ಪದಾಧಿಕಾರಿಗಳಿಗೆ ಗೊತ್ತಿರಲಿ. ಒಬ್ಬರು ಊರು ಬಿಟ್ಟರೂ ಸಂಘದ ಫೋನ್ ನಡೆಯಬೇಕು ಅಲ್ವಾ?

ಗ್ರೂಪೋ, ಚಾನೆಲ್ಲೋ?

ವಾಟ್ಸ್‌ಆ್ಯಪ್ ಗ್ರೂಪಿಗೆ 1024 ಜನರನ್ನು ಸೇರಿಸಬಹುದು. ಆದರೆ ಅಲ್ಲಿ ಒಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ. ರಕ್ತ ಕೊಡಲು ಬಂದ ಹೆಣ್ಣುಮಕ್ಕಳಿಗೆ ಸಂಬಂಧವಿಲ್ಲದ ಕರೆಗಳು ಶುರುವಾಗುತ್ತವೆ, ಅವರು ಸದ್ದಿಲ್ಲದೆ ಗ್ರೂಪ್ ಬಿಡುತ್ತಾರೆ. ಅದಕ್ಕೇ ದಾನಿಗಳಿಗೆ ಚಾನೆಲ್ ಮಾಡಿ. ಅಲ್ಲಿ ಸೇರಿದವರಿಗೆ ಪರಸ್ಪರರ ನಂಬರ್ ಕಾಣುವುದಿಲ್ಲ. ಓಡಾಡಿ ಕೆಲಸ ಮಾಡುವ ಹತ್ತು ಹದಿನೈದು ಕಾರ್ಯಕರ್ತರಿಗೆ ಮಾತ್ರ ಗ್ರೂಪ್ ಇರಲಿ. ಗುಡ್ ಮಾರ್ನಿಂಗ್, ರಾಜಕೀಯ ಎರಡೂ ಅಲ್ಲಿಗೆ ಬಾರದಂತೆ ನೋಡಿಕೊಳ್ಳಿ. ಅವು ಜಾಸ್ತಿಯಾದರೆ ಜನ ಗ್ರೂಪನ್ನು ಮ್ಯೂಟ್ ಮಾಡುತ್ತಾರೆ, ನಿಜವಾದ ತುರ್ತು ಮೆಸೇಜ್ ಬಂದಾಗ ಯಾರಿಗೂ ಸದ್ದೇ ಕೇಳುವುದಿಲ್ಲ.

ಮೆಸೇಜ್ ಬರೆಯುವ ಬಗೆ

ಕೋರಿಕೆ ಬಂದ ತಕ್ಷಣ ಹಂಚಬೇಡಿ. ಮೊದಲು ಆಸ್ಪತ್ರೆಯ ಬ್ಲಡ್ ಬ್ಯಾಂಕ್‌ಗೆ ಫೋನ್ ಮಾಡಿ ನಿಜವೇ ಎಂದು ಕೇಳಿ. ಎಷ್ಟು ಯೂನಿಟ್? ಕೆಂಪು ರಕ್ತಕಣವೋ, ಪ್ಲೇಟ್‌ಲೆಟ್ಟೋ? ಇದು ಮುಖ್ಯ. ಯಂತ್ರದ ಮೂಲಕ ಪ್ಲೇಟ್‌ಲೆಟ್ ಕೊಡಲು ಒಂದೆರಡು ಗಂಟೆ ಹಿಡಿಯುತ್ತದೆ. ಹತ್ತು ನಿಮಿಷದ ಕೆಲಸ ಎಂದುಕೊಂಡು ಬಂದವರು ಅರ್ಧಕ್ಕೇ ಹೊರಡಬೇಕಾಗಬಹುದು. ಕೇಂದ್ರ ಸರ್ಕಾರದ ಇ-ರಕ್ತಕೋಶ್ ತಾಣದಲ್ಲಿ ಹತ್ತಿರದ ಬ್ಲಡ್ ಬ್ಯಾಂಕ್‌ಗಳ ದಾಸ್ತಾನನ್ನೂ ಒಮ್ಮೆ ನೋಡಿ. ಎಷ್ಟೋ ಸಲ ಅಲ್ಲೇ ಪರಿಹಾರ ಸಿಗುತ್ತದೆ.

ಆಮೇಲೆ ಹೀಗೆ ಬರೆಯಿರಿ: “ಬಿ ಪಾಸಿಟಿವ್, 2 ಯೂನಿಟ್. ಇಂಥ ಆಸ್ಪತ್ರೆ, ಇಂಥ ಊರು. ಇವತ್ತು ಇಷ್ಟನೇ ತಾರೀಕು, ಸಂಜೆ 6ರ ಒಳಗೆ. ಆಮೇಲೆ ಈ ಮೆಸೇಜ್ ಹಂಚಬೇಡಿ.” ಕೆಳಗೆ ಸಂಘದ ನಂಬರ್ ಇರಲಿ. ಪೇಷಂಟ್ ಕಡೆಯವರ ನಂಬರ್ ಹಾಕಿದರೆ ವಂಚಕರು ಅವರಿಗೇ ಕರೆ ಮಾಡಿ, “ರಕ್ತ ತರ್ತೀವಿ, ಮೊದಲು ದುಡ್ಡು ಕಳಿಸಿ” ಎನ್ನುತ್ತಾರೆ. ಗಾಬರಿಯಲ್ಲಿದ್ದವರು ಕಳಿಸಿಯೂ ಬಿಡುತ್ತಾರೆ. ನಮ್ಮ ದೇಶದಲ್ಲಿ ದುಡ್ಡಿಗೆ ರಕ್ತ ಕೊಡುವುದನ್ನು ಸುಪ್ರೀಂ ಕೋರ್ಟ್‌ನ 1996ರ ತೀರ್ಪಿನ ನಂತರ ನಿಲ್ಲಿಸಲಾಗಿದೆ. ಈ ಮಾತನ್ನು ಚಾನೆಲ್‌ನಲ್ಲಿ ಆಗಾಗ ಹಾಕುತ್ತಿರಿ.

ರೋಗಿಯ ಫೋಟೊ ಬೇಡವೇ ಬೇಡ. ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದ ಮಗುವಿನ ಚಿತ್ರ ಒಮ್ಮೆ ಹೊರಗೆ ಹೋದರೆ ಮತ್ತೆ ವಾಪಸ್ ಬರುವುದಿಲ್ಲ. ಆ ಮಗು ನಾಳೆ ಗುಣವಾಗಿ ಶಾಲೆಗೆ ಹೋಗಬೇಕು. ಕಾಯಿಲೆಯ ಹೆಸರೂ ಬೇಡ.

ಎಲ್ಲಿ ಹಾಕಬೇಕು?

ತುರ್ತು ಕೋರಿಕೆಯನ್ನು ಇನ್‌ಸ್ಟಾಗ್ರಾಮ್ ಸ್ಟೋರಿಯಲ್ಲಿ, ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹಾಕಿ. 24 ಗಂಟೆಯಲ್ಲಿ ತಾನಾಗಿ ಹೋಗುತ್ತದೆ. ಫೇಸ್‌ಬುಕ್ ಪುಟದಲ್ಲಿ ಉಳಿಯುವಂಥದ್ದನ್ನು ಇಡಿ: ಶಿಬಿರದ ತಾರೀಕು, ಯಾರು ಕೊಡಬಹುದು, ಯಾರು ಕೊಡಬಾರದು. ರಕ್ತ ಸಿಕ್ಕ ಕೂಡಲೇ “ಸಿಕ್ಕಿತು, ಎಲ್ಲರಿಗೂ ವಂದನೆ” ಎಂದು ಹಾಕಲು ಮರೆಯಬೇಡಿ.

ತುರ್ತೇ ಬಾರದ ಹಾಗೆ

ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯ ಇದು. ಮೆಸೇಜ್ ನೋಡಿ ದಾನಿ ಓಡಿ ಬಂದರೂ ಆ ರಕ್ತವನ್ನು ನೇರವಾಗಿ ರೋಗಿಗೆ ಏರಿಸುವುದಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಆಗಲೇಬೇಕು. ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಹೆರಿಗೆಯಲ್ಲಿ ರಕ್ತ ಹೋಗುತ್ತಿರುವ ತಾಯಿಗೆ ಆ ಹೊತ್ತಿನಲ್ಲಿ ಬೇಕಾದದ್ದು ಮೊದಲೇ ಪರೀಕ್ಷೆಯಾಗಿ ಫ್ರಿಜ್ಜಿನಲ್ಲಿರುವ ರಕ್ತ. ಕೆಂಪು ಕಣಗಳನ್ನು 35ರಿಂದ 42 ದಿನ ಇಡಬಹುದು, ಪ್ಲೇಟ್‌ಲೆಟ್ ಉಳಿಯುವುದು 5 ದಿನ ಮಾತ್ರ. ಅಂದರೆ ವರ್ಷಕ್ಕೊಂದು ದೊಡ್ಡ ಶಿಬಿರ ಮಾಡಿದರೆ ಸಾಲದು. ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪ ರಕ್ತ ಬರುತ್ತಿರಬೇಕು. ಏಪ್ರಿಲ್, ಮೇ ತಿಂಗಳಲ್ಲಂತೂ ಕಾಲೇಜುಗಳಿಗೆ ರಜೆ, ಶಿಬಿರಗಳು ಕಡಿಮೆ. ನಿಮ್ಮ ಶಿಬಿರವನ್ನು ಆಗಲೇ ಇಟ್ಟುಕೊಳ್ಳಿ.

ಇದಕ್ಕೆ ದಾನಿಗಳ ಪಟ್ಟಿ ಬೇಕು. ಒಂದು ಗೂಗಲ್ ಫಾರ್ಮ್ ಸಾಕು. ಹೆಸರು, ರಕ್ತದ ಗುಂಪು, ಊರು, ಫೋನ್, ಕೊನೆಯ ಸಲ ಕೊಟ್ಟ ದಿನ, ಮತ್ತು “ನನ್ನನ್ನು ಕರೆಯಬಹುದು” ಎಂಬ ಒಪ್ಪಿಗೆ. ಆ ಪಟ್ಟಿಯನ್ನು ಇಬ್ಬರು ಮಾತ್ರ ತೆರೆಯುವಂತಿರಲಿ. 18ರಿಂದ 65 ವರ್ಷದವರು, 45 ಕಿಲೋಗಿಂತ ಕಡಿಮೆ ತೂಕ ಇಲ್ಲದವರು, ಹಿಮೋಗ್ಲೋಬಿನ್ ಕನಿಷ್ಠ 12.5 ಇದ್ದವರು ಕೊಡಬಹುದು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ. ಆ ದಿನ ಲೆಕ್ಕ ಹಾಕಿ ಒಂದು ಮೆಸೇಜ್ ಕಳಿಸಿ: “ಅಕ್ಕಾ, ನಿಮಗೆ ನಾಲ್ಕು ತಿಂಗಳು ತುಂಬಿತು. ಭಾನುವಾರ ಬಿಡುವಿದ್ರೆ ಬನ್ನಿ, ತಿಂಡಿ ತಿಂದೇ ಬನ್ನಿ.” ಸಾವಿರ ಜನರಿಗೆ ಕಳಿಸಿದ ಪೋಸ್ಟರ್‌ಗಿಂತ ಹೆಸರು ಹಿಡಿದು ಕರೆದ ಈ ಎರಡು ಸಾಲಿಗೆ ಜನ ಬರುತ್ತಾರೆ. ಹಿಮೋಗ್ಲೋಬಿನ್ ಕಡಿಮೆಯಾಗಿ ವಾಪಸ್ ಹೋದವರಿಗೂ ಒಂದು ಒಳ್ಳೆಯ ಮಾತು ಕಳಿಸಿ. ಇಲ್ಲದಿದ್ದರೆ ಅವರು ಸಂಕೋಚದಿಂದ ಮತ್ತೆ ಬರುವುದಿಲ್ಲ.

ನೆಗೆಟಿವ್ ಗುಂಪಿನವರನ್ನು ಪ್ರತಿ ಶಿಬಿರಕ್ಕೂ ಕರೆಯಬೇಡಿ. ಅವರ ಸಂಖ್ಯೆಯೇ ಕಡಿಮೆ. ಬ್ಲಡ್ ಬ್ಯಾಂಕ್ ಜೊತೆ ಮಾತಾಡಿ ಅವರನ್ನು ಬೇರೆ ಪಟ್ಟಿಯಲ್ಲಿಡಿ, ಬೇಕಾದಾಗಲೇ ಕರೆಯಿರಿ.

ಥಲಸ್ಸೇಮಿಯಾ ಎಂಬ ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು. ಅವರಿಗೆ ಯಾವಾಗ ಬೇಕೆಂದು ಮೊದಲೇ ಗೊತ್ತಿರುತ್ತದೆ. ಆದರೂ ಪ್ರತಿ ಸಲ ಅವರ ಅಪ್ಪ ಅಮ್ಮ ಗ್ರೂಪ್‌ಗಳಲ್ಲಿ ಕೈಮುಗಿಯಬೇಕೇ? ನಿಮ್ಮ ತಾಲ್ಲೂಕಿನಲ್ಲಿ ಅಂಥ ಒಂದು ಮಗುವಿದ್ದರೆ, ಅದೇ ಗುಂಪಿನ ಹನ್ನೆರಡು ದಾನಿಗಳನ್ನು ಗುರುತಿಸಿ ಸರದಿ ಹಾಕಿ. ಯಾವ ತಿಂಗಳು ಯಾರು ಎಂದು ಸಂಘದ ಫೋನಿನ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟು, ವಾರ ಮೊದಲೇ ಅವರಿಗೆ ನೆನಪಿಸಿ.