ಉದಯಪುರಕ್ಕೆ ಒಬ್ಬ ಗೈಡ್, ಒಂದು ದಿನ

ಉದಯಪುರ ನೋಡಲು ಗೈಡ್ ಬೇಕೇ ಎಂದು ಕೇಳಿದವರಿಗೆ ನಾನು ತಿರುಗಿ ಕೇಳುವುದು, ಜೊತೆಯಲ್ಲಿ ಯಾರಿರುತ್ತಾರೆ ಎಂದು. ಗೆಳೆಯರ ಗುಂಪಾದರೆ ಬೇಡ. ಹಳೆಯ ಊರು ಅಷ್ಟೇನೂ ದೊಡ್ಡದಲ್ಲ, ಗಲ್ಲಿಗಳಲ್ಲಿ ದಾರಿ ತಪ್ಪಿದರೂ ಕೊನೆಗೆ ಯಾವುದಾದರೊಂದು ಘಾಟ್‌ಗೆ ಬಂದು ಸೇರುತ್ತೀರಿ. ವಯಸ್ಸಾದವರಿದ್ದರೆ ಮಾತ್ರ, ಅದರಲ್ಲೂ ಮಂಡಿನೋವಿನವರಿದ್ದರೆ, ಒಂದು ದಿನದ ಮಟ್ಟಿಗೆ ನಿಮಗೇ ಎಂದು ಒಬ್ಬ ಗೈಡ್ ಮತ್ತು ಒಂದು ಕಾರನ್ನು ಗೊತ್ತುಮಾಡಿಕೊಳ್ಳುವುದು ಲೇಸು. ನಾನು ಅಪ್ಪ ಅಮ್ಮನನ್ನು ಕರೆದುಕೊಂಡು ಹೋದಾಗ ಹಾಗೆಯೇ ಮಾಡಿದೆ. ಅಮ್ಮನಿಗೆ ಮೆಟ್ಟಿಲೆಂದರೆ ಆಗದು. ಅಪ್ಪ ಸಣ್ಣ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು; ಅರಮನೆ ತೋರಿಸಿದರೆ ಅದರ ನೀರು ಎತ್ತ ಹೋಗುತ್ತದೆ ಎಂದು ಕೇಳುವ ಪೈಕಿ.

ಹೋಗುವ ದಾರಿ ಸುಲಭ. ಬೆಂಗಳೂರಿನಿಂದ ವಿಮಾನವಿದೆ, ಮೈಸೂರಿನಿಂದ ವಾರಕ್ಕೊಮ್ಮೆ ಹಮ್‌ಸಫರ್ ರೈಲಿದೆ. ವಿಮಾನ ಇಳಿಯುವುದು ದಬೋಕ್‌ನಲ್ಲಿ, ಊರಿಗೆ ಇನ್ನೂ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಮಳೆಗಾಲ ಮುಗಿದ ಕೂಡಲೇ ಹೋಗಿ. ಕೆರೆ ತುಂಬಿರದ ಉದಯಪುರವನ್ನು ನೋಡಬೇಕಾಗಿಲ್ಲ. ಬರ ಬಿದ್ದ ವರ್ಷಗಳಲ್ಲಿ ಅರಮನೆಯ ಪಕ್ಕದ ಪಿಛೋಲಾ ಕೆರೆ ತಳ ಕಾಣುವಷ್ಟು ಒಣಗಿದ್ದೂ ಉಂಟು.

ಗೈಡ್ ಗೊತ್ತುಮಾಡುವ ಕೆಲಸವನ್ನು ಊರಿನಿಂದಲೇ ಫೋನಿನಲ್ಲಿ ಮುಗಿಸಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಅಥವಾ ರಾಜಸ್ಥಾನ ಸರ್ಕಾರ ಕೊಟ್ಟ, ಫೋಟೊ ಇರುವ ಗುರುತಿನ ಚೀಟಿ ಇದೆಯೇ ಎನ್ನುವುದು ಮೊದಲ ಪ್ರಶ್ನೆ. ಎರಡನೆಯದು ಹಣದ್ದು. ಒಬ್ಬರು ಬಹಳ ಕಡಿಮೆ ಹೇಳಿದರು, ಅವರನ್ನು ಬಿಟ್ಟೆ. ಇಡೀ ದಿನ ಬಿಸಿಲಿನಲ್ಲಿ ಸುತ್ತುವ ಮನುಷ್ಯ ಅಷ್ಟು ಕಡಿಮೆಗೆ ಒಪ್ಪುತ್ತಾನೆಂದರೆ ಉಳಿದದ್ದು ಅಂಗಡಿಯವರಿಂದ ಬರುತ್ತದೆ ಎಂದೇ ಅರ್ಥ. ಇನ್ನೊಬ್ಬರು ಸರಿಯಾದ ದರವನ್ನೇ ಹೇಳಿದರು. ಅದರ ಮೇಲೆ ಸ್ವಲ್ಪ ಸೇರಿಸಿ ಕೊಡುತ್ತೇನೆ, ಆದರೆ ಯಾವ ಅಂಗಡಿಗೂ ಕರೆದೊಯ್ಯಬಾರದು ಎಂದೆ. ಅತ್ತಲಿಂದ ನಗು ಕೇಳಿಸಿತು. “ಒಂದೇ ಒಂದು, ಕುಂಚ ಹೇಗೆ ಹಿಡಿಯುತ್ತಾರೆ ಎಂದು ನೋಡಲು...” ಎಂದರು. ಅದೂ ಬೇಡ ಎಂದೆ. ಮೇವಾಡದ, ಅಂದರೆ ಈ ಸೀಮೆಯ, ಚಿತ್ರಕಲೆಯ ಬಗ್ಗೆ ನನಗೆ ತಕರಾರಿಲ್ಲ. ಚಿತ್ರ ಕೊಳ್ಳುವ ಆಸೆಯಿದ್ದರೆ ಮರುದಿನ ಗೈಡ್ ಇಲ್ಲದೆ ಹೋಗಿ, ಅದೇ ಅಂಗಡಿಯಲ್ಲಿ ಬೇರೆ ಬೆಲೆ ಕೇಳಿಸುತ್ತದೆ.

ಕಾರು ಬೇರೆ, ಗೈಡ್ ಬೇರೆ. ಪ್ರವೇಶದ ಟಿಕೆಟ್‌ಗಳು, ಗೈಡ್‌ನ ಊಟ ಯಾರ ಲೆಕ್ಕಕ್ಕೆ ಎನ್ನುವುದನ್ನೂ ಬಾಯಿಬಿಟ್ಟು ಮಾತಾಡಿಕೊಂಡೆವು. ಮಧ್ಯಾಹ್ನ ಎರಡು ಗಂಟೆ ಕಾಲ ಕೋಣೆಗೆ ಹೋಗಿ ಮಲಗುತ್ತೇವೆ, ಆ ಹೊತ್ತಿಗೂ ಹಣ ಕೊಡುತ್ತೇನೆ ಎಂದಾಗ ಅವರಿಗೆ ಸೋಜಿಗವಾಯಿತು. ನನ್ನ ಮಟ್ಟಿಗೆ ಆ ದಿನದ ಉತ್ತಮ ಖರ್ಚು ಅದೇ.

ಇನ್ನೊಂದು ಕರಾರು ಭಾಷೆಯದು. ಅಮ್ಮನಿಗೆ ಹಿಂದಿ ಅಷ್ಟಕ್ಕಷ್ಟೆ. ಗೈಡ್ ಹೇಳಿದ್ದನ್ನು ನಾನು ಕನ್ನಡಕ್ಕೆ ತರಬೇಕು ಎಂದಾದರೆ ಮಾತಿಗೆ ಎರಡರಷ್ಟು ಹೊತ್ತು. ಆದ್ದರಿಂದ ನಡೆಯುವಾಗ ಮಾತು ಬೇಡ, ಕೂತಾಗ ಹೇಳಿ ಎಂದು ಕೇಳಿಕೊಂಡೆ. ಹೀಗಾಗಿ ನಮ್ಮ ಗೈಡ್ ಎಲ್ಲಿ ಹೋದರೂ ಮೊದಲು ಅಮ್ಮನಿಗೊಂದು ಕಟ್ಟೆ ಹುಡುಕಿ, “ಮಾಜಿ, ಪಧಾರೋ” (ಅಮ್ಮಾ, ಬನ್ನಿ) ಎಂದು ಕೂರಿಸಿ, ಆಮೇಲೆ ಇತಿಹಾಸಕ್ಕೆ ಇಳಿಯುತ್ತಿದ್ದರು.

ಬೆಳಿಗ್ಗೆ ಮೊದಲು ಜಗದೀಶ ದೇವಸ್ಥಾನ. ಹಳೆಯ ಊರಿನ ಗಲ್ಲಿಗೆ ಕಾರು ನುಗ್ಗಿಸುವುದಕ್ಕಿಂತ ಆಟೋ ಮೇಲು ಎಂದು ಗೈಡ್ ಹೇಳಿದ್ದು ನಿಜವೇ. ಮಹಾರಾಣಾ ಒಂದನೇ ಜಗತ್ ಸಿಂಗ್ 1651ರಲ್ಲಿ ಕಟ್ಟಿ ಮುಗಿಸಿದ ವಿಷ್ಣು ದೇವಾಲಯ. ಕಪ್ಪು ಕಲ್ಲಿನ ಮೂರ್ತಿ, ಎದುರಿಗೆ ಹಿತ್ತಾಳೆಯ ಗರುಡ. ಹತ್ತಬೇಕಾದ ಮೆಟ್ಟಿಲು ಮೂವತ್ತೆರಡು, ಅದೂ ಕಡಿದು. ಬಿಸಿಲೇರುವ ಮೊದಲೇ ಇಲ್ಲಿಗೆ ಬಂದದ್ದಕ್ಕೆ ಅದೇ ಕಾರಣ. ಮಧ್ಯಾಹ್ನ ಹೇಗೂ ಬಾಗಿಲು ಹಾಕುತ್ತಾರೆ. ಅಮ್ಮ ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು, ಹೂ ಮಾರುವವಳೊಂದಿಗೆ ಯಾವ ಭಾಷೆಯೂ ಅಲ್ಲದ ಭಾಷೆಯಲ್ಲಿ ಮಾತಾಡುತ್ತ ಹತ್ತಿದರು.

ಅಲ್ಲಿಂದ ಅರಮನೆ ಕೂಗಳತೆ. ಒಂಬತ್ತೂವರೆಗೆ ಬಾಗಿಲು ತೆರೆಯುವ ಹೊತ್ತಿಗೆ ನಾವು ಅಲ್ಲಿದ್ದೆವು. ಇಲ್ಲಿ ಗೈಡ್‌ನ ಬೆಲೆ ಗೊತ್ತಾಗುತ್ತದೆ. ಒಳಗಿನ ದಾರಿ ಒಮ್ಮುಖ. ಒಮ್ಮೆ ಹೊಕ್ಕರೆ ಜನರ ಜೊತೆ ಮುಂದೆ ಸಾಗುತ್ತಲೇ ಇರಬೇಕು. ಮೆಟ್ಟಿಲುಗಳು ಇಕ್ಕಟ್ಟು, ಬಾಗಿಲುಗಳು ತಗ್ಗು, ಒಂದು ಕೋಣೆಯಿಂದ ಇನ್ನೊಂದಕ್ಕೆ ತಲೆ ಬಗ್ಗಿಸಿಯೇ ಹೋಗಬೇಕು. ದೊಡ್ಡ ಬಸ್ಸಿನ ಗುಂಪುಗಳು ಹತ್ತೂವರೆಯ ಮೇಲೆ ಬರುತ್ತವೆ, ಅಷ್ಟರಲ್ಲಿ ಮೇಲಿನ ಅಂತಸ್ತು ಮುಗಿಸಿಬಿಡೋಣ ಎಂದು ಗೈಡ್ ಲೆಕ್ಕ ಹಾಕಿದ್ದರು. ಕೆಳಗಿನ ಶಸ್ತ್ರಾಗಾರವನ್ನು ಕೈಬಿಟ್ಟೆವು. ಕತ್ತಿ ಗುರಾಣಿ ಎಲ್ಲ ಅರಮನೆಯಲ್ಲೂ ಇರುತ್ತವೆ.

ಮೇವಾಡದ ಮಹಾರಾಣಾ ಉದಯಸಿಂಗ್ ಈ ಊರು ಕಟ್ಟಿದ್ದು 1559ರಲ್ಲಿ. ಅವನ ಹಳೆಯ ರಾಜಧಾನಿ ಚಿತ್ತೋಡ್ ಅಕ್ಬರನ ಕೈಗೆ ಬಿದ್ದದ್ದು 1568ರಲ್ಲಿ. ಅಂದರೆ ಸೋತು ಓಡಿಬಂದು ಕಟ್ಟಿದ ಊರಲ್ಲ ಇದು, ಮುಂದಾಲೋಚನೆಯಿಂದ ಕಟ್ಟಿದ್ದು. ಬಯಲಿನ ನಡುವೆ ಒಂಟಿ ಗುಡ್ಡದ ಮೇಲಿರುವ ಚಿತ್ತೋಡಿಗೆ ಮುತ್ತಿಗೆ ಹಾಕುವುದು ಸುಲಭ. ಇಲ್ಲಿ ಸುತ್ತ ಅರಾವಳಿ, ಒಳಗೆ ನೀರು. ಆ ನೀರೂ ಅರಸರದ್ದಲ್ಲ. ಪಿಛೋಲಾವನ್ನು ಊರು ಹುಟ್ಟುವುದಕ್ಕೆ ಎರಡು ಶತಮಾನ ಮೊದಲು, ದವಸ ಸಾಗಿಸುತ್ತಿದ್ದ ಒಬ್ಬ ಬಂಜಾರ ಕಟ್ಟಿಸಿದ ಎನ್ನುತ್ತಾರೆ. ಉದಯಸಿಂಗ್ ಅದನ್ನು ಹಿಗ್ಗಿಸಿ ಏರಿಯನ್ನು ಭದ್ರಪಡಿಸಿದ. ಅಪ್ಪ ಅಲ್ಲಿಯವರೆಗೆ ಸುಮ್ಮನಿದ್ದವರು, “ಹಾಗಾದರೆ ಇದು ಕೆರೆ” ಎಂದು ಎದ್ದು ಕಿಟಕಿಯ ಬಳಿ ಹೋದರು. ಆಮೇಲೆ ಗೈಡ್‌ಗೆ ಬಿಡುವಿಲ್ಲ.

ಅರಮನೆಯ ಅಂಗಳ ಮೋರ್ ಚೌಕ್‌ನ ನವಿಲುಗಳ ಮುಂದೆ ಎಲ್ಲರೂ ನಿಲ್ಲುತ್ತಾರೆ, ನಾವೂ ನಿಂತೆವು. ಗೋಡೆಯಿಂದ ಉಬ್ಬಿ ಬಂದ ಮೂರು ನವಿಲು, ಮೂರು ಕಾಲಕ್ಕೆ ಒಂದೊಂದು, ಹಸಿರು ನೀಲಿ ಗಾಜಿನ ಚೂರುಗಳಿಂದ ಜೋಡಿಸಿದ್ದು. ಅರಮನೆ ಹಳೆಯದಾದರೂ ಈ ಕೆಲಸ 19ನೇ ಶತಮಾನದ್ದು, ಮಹಾರಾಣಾ ಸಜ್ಜನಸಿಂಗ್ ಕಾಲದ್ದು. ನನಗೆ ಹೆಚ್ಚು ಹಿಡಿಸಿದ್ದು ಅಮರ ವಿಲಾಸ. ಇಕ್ಕಟ್ಟಿನ ಮೆಟ್ಟಿಲುಗಳನ್ನು ಹತ್ತಿ ಹತ್ತಿ, ಇನ್ನು ತಾರಸಿಯೇ ಸಿಗಬೇಕು ಎನ್ನುವಾಗ ದೊಡ್ಡ ಮರಗಳಿರುವ ತೋಟ ಎದುರಾಗುತ್ತದೆ. ನೆಲದಿಂದ ಸುಮಾರು 27 ಮೀಟರ್ ಮೇಲೆ ಇಷ್ಟು ಮರಗಳ ಬೇರಿಗೆ ಮಣ್ಣು ಎಲ್ಲಿಯದು? ಅಪ್ಪ ಪಾದದಿಂದ ನೆಲ ತಟ್ಟಿ, “ಇದರ ಕೆಳಗೆ ಗುಡ್ಡ ಇದೆಯೇ?” ಎಂದರು. ಇದೆ. ಗುಡ್ಡವನ್ನು ಕಡಿಯದೆ ಅದರ ಸುತ್ತಲೂ ಅರಮನೆ ಕಟ್ಟುತ್ತ ಬಂದು, ನೆತ್ತಿಯನ್ನು ತೋಟ ಮಾಡಿದ್ದಾರೆ. ಗೈಡ್ ಈ ಗುಟ್ಟನ್ನು ಕೊನೆಗೆ ಹೇಳೋಣ ಎಂದಿಟ್ಟುಕೊಂಡಿದ್ದರಂತೆ, ಅಪ್ಪ ಕೆಡಿಸಿಬಿಟ್ಟರು. “ಹುಕುಂ, ನೀವೇ ಗೈಡ್ ಆಗಿ” ಎಂದು ಕೈಮುಗಿದರು; ಹುಕುಂ ಎಂದರೆ ಅಲ್ಲಿ ಗೌರವದ ಕರೆ. ಅಮ್ಮ ಅಲ್ಲಿನ ನೆರಳಿನಲ್ಲಿ ಅರ್ಧ ಗಂಟೆ ಕೂತರು. ನಾವು ಅವಸರಿಸಲಿಲ್ಲ, ಗೈಡ್ ಗಡಿಯಾರ ನೋಡಲಿಲ್ಲ. ಗುಂಪಿನ ಪ್ರವಾಸದಲ್ಲಿ ಈ ಅರ್ಧ ಗಂಟೆ ಸಿಗುವುದಿಲ್ಲ.

ಊಟಕ್ಕೆ ರಾಜಸ್ಥಾನಿ ಥಾಲಿ: ದಾಲ್, ಬಾಟಿ, ಚೂರ್ಮಾ, ಗಟ್ಟೆಯ ಪಲ್ಯ, ಕೇರ್ ಸಾಂಗ್ರಿ. ಬಡಿಸುವವನು ಬಾಟಿಯನ್ನು ಕೈಯಲ್ಲೇ ಪುಡಿಮಾಡಿ ಅದರ ಮೇಲೆ ತುಪ್ಪ ಸುರಿಯುತ್ತಾನೆ, ಸಾಕು ಎಂದರೂ ಕೇಳುವುದಿಲ್ಲ. ಅಮ್ಮ ನನ್ನ ಕಡೆ ಬಾಗಿ, “ಒಂದು ಹಿಡಿ ಅನ್ನ ಇದೆಯೇ ಕೇಳು” ಎಂದರು. ಇತ್ತು. ಆಮೇಲೆ ಕೋಣೆ, ಫ್ಯಾನು, ನಿದ್ದೆ.

ಮಧ್ಯಾಹ್ನದ ಮೇಲೆ ಸಾಮಾನ್ಯವಾಗಿ ಕಾರುಗಳು ನೇರ ‘ಸಹೇಲಿಯೋಂ ಕಿ ಬಾಡಿ’ ಎಂಬ ತೋಟಕ್ಕೆ ಹೋಗುತ್ತವೆ. ನಮ್ಮದು ಸ್ವರೂಪ ಸಾಗರದ ತೂಬಿನ ಬಳಿ ನಿಂತಿತು. ಅದು ಅಪ್ಪನ ಬೇಡಿಕೆ, ಮತ್ತು ಖಾಸಗಿ ಪ್ರವಾಸದ ಸುಖ ಇರುವುದು ಇಂಥದ್ದರಲ್ಲಿ. ಸೀಸಾರ್ಮಾ ನದಿಯ ನೀರು ಪಿಛೋಲಾಕ್ಕೆ ಬೀಳುತ್ತದೆ. ಅಲ್ಲಿಂದ ರಂಗಸಾಗರ, ಸ್ವರೂಪ ಸಾಗರ ಎಂದು ಒಂದಕ್ಕೊಂದು ಕೂಡಿಕೊಂಡ ಕೆರೆಗಳು, ಕಾಲುವೆಯ ಮೂಲಕ ಫತೇಸಾಗರ. ಕೋಡಿ ಹರಿದ ನೀರು ಆಯಡ್ ನದಿಗೆ, ಅದರಿಂದ ಉದಯಸಾಗರಕ್ಕೆ, ಮುಂದೆ ಬೇಡಚ್, ಬನಾಸ್, ಚಂಬಲ್, ಯಮುನೆ. ಗುಜರಾತಿಗೆ ಇಷ್ಟು ಹತ್ತಿರವಿರುವ ಊರಿನ ನೀರು ಸೇರುವುದು ಬಂಗಾಳ ಕೊಲ್ಲಿಯನ್ನು ಎಂದು ತಿಳಿದಾಗ ಅಪ್ಪನ ಮುಖ ನೋಡಬೇಕಿತ್ತು. ನಮ್ಮ ಬಯಲುಸೀಮೆಯ ಕೆರೆಗಳ ಸಾಲೂ ಹೀಗೆಯೇ, ಮೇಲಿನದು ಕೋಡಿ ಬಿದ್ದರೆ ಕೆಳಗಿನದಕ್ಕೆ. ಫತೇಸಾಗರ ಕೋಡಿ ಬಿದ್ದ ದಿನ ಊರೇ ನೋಡಲು ಬರುತ್ತದೆ ಎಂದು ಗೈಡ್ ಹೇಳಿದ್ದು ನಮಗೆ ವಿವರಿಸಿ ಹೇಳಬೇಕಾದ ಸಂಗತಿಯೇ ಆಗಿರಲಿಲ್ಲ.

ಸಹೇಲಿಯೋಂ ಕಿ ಬಾಡಿ ಎರಡನೇ ಸಂಗ್ರಾಮ ಸಿಂಗ್ 18ನೇ ಶತಮಾನದಲ್ಲಿ ಅಂತಃಪುರದ ಹೆಂಗಸರಿಗಾಗಿ ಮಾಡಿಸಿದ ತೋಟ. ಅಲ್ಲಿನ ಕಾರಂಜಿಗಳಿಗೆ ಪಂಪಿನ ಹಂಗಿರಲಿಲ್ಲ. ಎತ್ತರದಲ್ಲಿರುವ ಫತೇಸಾಗರದ ನೀರು ತನ್ನ ಭಾರಕ್ಕೆ ತಾನೇ ಚಿಮ್ಮುತ್ತಿತ್ತು. ಗೈಡ್ ಚಪ್ಪಾಳೆ ತಟ್ಟಿದರು, ಕಾರಂಜಿ ಎದ್ದಿತು. ಅಮ್ಮ ಬೆರಗಾದರು. ಅಪ್ಪ ಪೊದೆಯ ಹಿಂದೆ ಹೋಗಿ, ಗಾಲಿ ತಿರುಗಿಸಿ ನೀರು ಬಿಡುವವನನ್ನು ಪತ್ತೆಮಾಡಿ, ಅವನ ಹೆಗಲ ಮೇಲೆ ಕೈಹಾಕಿಕೊಂಡು ಬಂದರು. ಈ ಆಟವನ್ನು ಮಕ್ಕಳಿಗೆ ತೋರಿಸುವಾಗ ಇಂಥ ಅಪ್ಪಂದಿರನ್ನು ದೂರವಿಡಿ.

ಫತೇಸಾಗರದ ಏರಿಯ ಮೇಲೆ ಸ್ವಲ್ಪ ಹೊತ್ತು ನಿಂತೆವು. 17ನೇ ಶತಮಾನದಲ್ಲಿ ಜೈಸಿಂಗ್ ಕಟ್ಟಿಸಿದ ಏರಿ ಕೊಚ್ಚಿಹೋದ ಮೇಲೆ, 19ನೇ ಶತಮಾನದ ಕೊನೆಗೆ ಫತೇಸಿಂಗ್ ಮತ್ತೆ ಕಟ್ಟಿಸಿದ್ದರಿಂದ ಕೆರೆಗೆ ಅವರ ಹೆಸರು. ನಡುವಿನ ಒಂದು ನಡುಗಡ್ಡೆಯಲ್ಲಿ ಸೂರ್ಯನನ್ನು ನೋಡುವ ವೀಕ್ಷಣಾಲಯವಿದೆ. ಸುತ್ತ ನೀರಿದ್ದರೆ ನೆಲ ಕಾದು ಗಾಳಿ ಕದಡುವುದು ಕಡಿಮೆ, ಸೂರ್ಯನ ಬಿಂಬ ಅಲುಗದೆ ಕಾಣುತ್ತದೆ. ಸೂರ್ಯವಂಶದವರೆಂದು ಹೇಳಿಕೊಂಡ ಅರಸರ ಊರಿನಲ್ಲಿ ಇದು ಸೇರಿಕೊಂಡದ್ದು ನನಗೆ ಇಷ್ಟವಾಯಿತು. ಸಜ್ಜನಗಢದ ಬೆಟ್ಟವನ್ನು ಕೈಬಿಟ್ಟೆವು. ಅದನ್ನೂ ದೋಣಿಯನ್ನೂ ಒಂದೇ ಸಂಜೆಗೆ ತುರುಕಿದರೆ ಎರಡೂ ಕೆಡುತ್ತವೆ.

ಪಿಛೋಲಾದ ದೋಣಿಯ ಬಗ್ಗೆ ಎರಡು ಮಾತು. ಸೂರ್ಯಾಸ್ತದ ಹೊತ್ತಿನ ದರ ಹಗಲಿನ ದರಕ್ಕಿಂತ ಹೆಚ್ಚು. ಅರಮನೆಯ ಕಡೆಯಿಂದ ಹೊರಡುವ ದೋಣಿ ಜಗಮಂದಿರ ಎಂಬ ದ್ವೀಪದಲ್ಲಿ ಇಳಿಸುತ್ತದೆ. ಚಿತ್ರಗಳಲ್ಲಿ ಕಾಣುವ, ಕೆರೆಯ ನಡುವಿನ ಬಿಳಿಯ ಅರಮನೆ ಜಗನಿವಾಸ ಈಗ ಹೋಟೆಲು, ಅದನ್ನು ಸುತ್ತುಹಾಕಬಹುದೇ ಹೊರತು ಹತ್ತುವಂತಿಲ್ಲ. ನಮ್ಮ ಗೈಡ್ ದೋಣಿಗೆ ಬರಲಿಲ್ಲ. ಹೇಳಬೇಕಾದದ್ದನ್ನು ದಡದಲ್ಲೇ ಹೇಳಿ ಕಳಿಸಿದರು: ತಂದೆ ಜಹಾಂಗೀರನ ವಿರುದ್ಧ ದಂಗೆಯೆದ್ದ ಖುರ್ರಂ, ಮುಂದೆ ಷಾಜಹಾನ್ ಆದವನು, ಜಗಮಂದಿರದಲ್ಲಿ ಆಶ್ರಯ ಪಡೆದಿದ್ದ, 1857ರಲ್ಲಿ ಅದೇ ದ್ವೀಪದಲ್ಲಿ ಮಹಾರಾಣಾ ಸ್ವರೂಪಸಿಂಗ್ ಇಂಗ್ಲಿಷರ ಹೆಂಗಸರು ಮಕ್ಕಳಿಗೆ ಜಾಗ ಕೊಟ್ಟಿದ್ದರು. ನೀರಿನ ಮೇಲೆ ಒಂದು ಕಲ್ಲಿನ ಕಟ್ಟೆ ಕಾಣುತ್ತದೆ, ನಟನಿಯ ಕಟ್ಟೆ; ನಟನಿ ಎಂದರೆ ಹಗ್ಗದ ಮೇಲೆ ನಡೆದು ಆಟ ತೋರಿಸುವವಳು. ಹಗ್ಗದ ಮೇಲೆ ನಡೆದು ಕೆರೆ ದಾಟಿದರೆ ಅರ್ಧ ರಾಜ್ಯ ಎಂದು ದೊರೆ ಮಾತು ಕೊಟ್ಟನಂತೆ; ಅವಳು ದಾಟಿಯೇಬಿಡುತ್ತಾಳೆ ಎನ್ನುವಾಗ ಹಗ್ಗ ಕತ್ತರಿಸಿದರಂತೆ. ಅಮ್ಮ ಕೇಳಿ, “ಕೆರೆ ಎಂದ ಮೇಲೆ ಒಬ್ಬ ಹೆಣ್ಣುಮಗಳನ್ನು ನುಂಗಲೇಬೇಕು” ಎಂದರು. ನಮ್ಮ ಕಡೆಯ ಕೆರೆಗಳ ಕಥೆಗಳನ್ನು ಗೈಡ್‌ಗೆ ನಾನು ಹೇಳಿದೆ. ಅಂದು ಅವರು ಜೇಬಿನಿಂದ ಚೀಟಿ ತೆಗೆದು ಏನನ್ನೋ ಬರೆದುಕೊಂಡದ್ದು ಆಗ ಮಾತ್ರ.

ದೋಣಿ ಇಳಿದ ಮೇಲೆ ಗೈಡ್‌ನ ಲೆಕ್ಕ ಮುಗಿಸಿದೆವು. ಒಪ್ಪಿದ್ದಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟೆ. ಚಾಲಕನಿಗೆ ಬೇರೆ ಕೊಟ್ಟೆ, ಗೈಡ್‌ನ ಕೈಯಲ್ಲಿ ಅಲ್ಲ. ಬಾಗೋರ್ ಕಿ ಹವೇಲಿ ಎಂಬ ಹಳೆಯ ಬಂಗಲೆಯಲ್ಲಿ ರಾತ್ರಿ ಏಳಕ್ಕೆ ನಡೆಯುವ ಕುಣಿತಕ್ಕೆ ಗೈಡ್ ಬೇಕಿಲ್ಲ. ಬೇಗ ಹೋಗಬೇಕು, ಅಷ್ಟೆ. ಮುಂದಿನ ಸಾಲಿನವರು ನೆಲದ ಮೇಲೆ ಕೂರುವುದು, ಮಂಡಿನೋವಿನವರಿಗೆ ಹಿಂದಿನ ಕುರ್ಚಿ ಹಿಡಿಯಬೇಕು. ತಲೆಯ ಮೇಲೆ ಗಡಿಗೆಯ ಮೇಲೆ ಗಡಿಗೆ ಏರಿಸಿಕೊಂಡು ಕುಣಿಯುವ ಭವಾಯಿಯನ್ನು ಹಿಂದಿನಿಂದಲೇ ಚೆನ್ನಾಗಿ ನೋಡಬಹುದು.

ಏಕಲಿಂಗಜಿ ಎಂಬ ಶಿವನ ದೇವಸ್ಥಾನಕ್ಕೆ ಮರುದಿನ ನಾವೇ ಹೋದೆವು, ಊರಿನಿಂದ ಸುಮಾರು 22 ಕಿಲೋಮೀಟರ್. ಮೇವಾಡದ ದೊರೆ ಏಕಲಿಂಗಜಿ, ಮಹಾರಾಣಾ ಅವನ ದಿವಾನ ಮಾತ್ರ ಎನ್ನುವುದು ಅಲ್ಲಿನ ನಂಬಿಕೆ. ವಿಜಯನಗರದ ಅರಸರು ಶಾಸನಗಳಿಗೆ ‘ಶ್ರೀ ವಿರೂಪಾಕ್ಷ’ ಎಂದು ಒಪ್ಪ ಹಾಕುತ್ತಿದ್ದುದನ್ನು ಬಲ್ಲವರಿಗೆ ಇದು ಹೊಸದೆನಿಸದು. ದಿನದಲ್ಲಿ ಕೆಲವು ಹೊತ್ತು ಮಾತ್ರ ದರ್ಶನ, ಕೇಳಿಕೊಂಡು ಹೊರಡಿ; ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲ.