ಶರತ್ಕಾಲದ ನಾಟಕಗಳನ್ನು ತಪ್ಪಿಸಿಕೊಳ್ಳದೆ ನೋಡುವ ಬಗೆ

ಮಹಾಲಯ ಅಮಾವಾಸ್ಯೆ ಕಳೆದು ನವರಾತ್ರಿ ಆರಂಭವಾಗುವ ಹೊತ್ತಿಗೆ ಕರ್ನಾಟಕದ ಅನೇಕ ರಂಗತಂಡಗಳು ತಾಲೀಮಿನ ಕೋಣೆಯಿಂದ ಹೊರಗೆ ಬರುತ್ತವೆ. ಮಳೆಗಾಲದಲ್ಲಿ ಮಾತು ಕಲಿತು, ಹಾಡಿಗೆ ಮಟ್ಟು ಹಾಕಿ, ರಂಗಸಜ್ಜಿಕೆ ಸಿದ್ಧಪಡಿಸಿಕೊಂಡ ನಾಟಕಗಳು ಆಶ್ವಯುಜ, ಕಾರ್ತಿಕ ಮಾಸಗಳಲ್ಲಿ ಊರೂರಿಗೆ ಹೊರಡುತ್ತವೆ. ಅಕ್ಟೋಬರ್ ಆರಂಭದಿಂದ ನವೆಂಬರ್ ಕೊನೆಯವರೆಗಿನ ಎರಡು ತಿಂಗಳಲ್ಲಿ ಸಿಗುವಷ್ಟು ಬಗೆಬಗೆಯ ನಾಟಕ ವರ್ಷದ ಬೇರೆ ಯಾವ ಕಾಲದಲ್ಲೂ ನನಗೆ ಸಿಕ್ಕಿಲ್ಲ. ಆದರೆ ಇವುಗಳಲ್ಲಿ ಬಹುಪಾಲು ಒಂದೂರಿನಲ್ಲಿ ಒಂದೋ ಎರಡೋ ರಾತ್ರಿ ಮಾತ್ರ ನಿಲ್ಲುತ್ತವೆ. ಬಸ್ ನಿಲ್ದಾಣದ ಗೋಡೆಯ ಮೇಲಿನ ಭಿತ್ತಿಪತ್ರ ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ನಾಟಕ ಮುಂದಿನ ಊರು ಸೇರಿರುತ್ತದೆ. ಸಿನಿಮಾಕ್ಕೆ ಹೋಗುವ ಹಾಗೆ ಬಿಡುವಾದ ದಿನ ಹೊರಟರಾಯಿತು ಎಂದುಕೊಂಡರೆ ಇಲ್ಲಿ ಕೈಗೆ ಏನೂ ಸಿಗುವುದಿಲ್ಲ. ತಂಡಗಳ ಸಂಚಾರದ ಲೆಕ್ಕವನ್ನು ಮೊದಲು ತಿಳಿದುಕೊಂಡು, ನಮ್ಮ ದಿನಗಳನ್ನು ಅದಕ್ಕೆ ಹೊಂದಿಸಿಕೊಳ್ಳಬೇಕಾಗುತ್ತದೆ.

ಎಲ್ಲಿ, ಯಾವಾಗ

ಸಾಗರ ತಾಲ್ಲೂಕಿನ ಹೆಗ್ಗೋಡಿನಿಂದ ಆರಂಭಿಸುವುದು ಒಳ್ಳೆಯದು. 1949ರಲ್ಲಿ ಹುಟ್ಟಿದ ನೀನಾಸಮ್ ರಂಗಸಂಸ್ಥೆ 1985ರಿಂದ ‘ತಿರುಗಾಟ’ ಎಂಬ ಸಂಚಾರಿ ತಂಡವನ್ನು ನಡೆಸುತ್ತಿದೆ. ಪ್ರತಿ ವರ್ಷ ಅಕ್ಟೋಬರ್ ಸುಮಾರಿಗೆ ಹೊಸ ನಾಟಕಗಳು ಮೊದಲು ಹೆಗ್ಗೋಡಿನ ಶಿವರಾಮ ಕಾರಂತ ರಂಗಮಂದಿರದಲ್ಲಿ ಪ್ರದರ್ಶನಗೊಂಡು, ಅಲ್ಲಿಂದ ಹಲವು ತಿಂಗಳು ರಾಜ್ಯದ ಉದ್ದಗಲಕ್ಕೂ ಸಂಚರಿಸುತ್ತವೆ. ನಿಮ್ಮ ಊರಿನಲ್ಲಿ ತಿರುಗಾಟವನ್ನು ಬರಮಾಡಿಕೊಳ್ಳುವವರು ಸಾಮಾನ್ಯವಾಗಿ ಅಲ್ಲಿನದೇ ಒಂದು ಸಂಘ, ಕಾಲೇಜು ಅಥವಾ ಒಂದಷ್ಟು ಮಂದಿ ನಾಟಕಪ್ರಿಯ ಶಿಕ್ಷಕರು ಆಗಿರುತ್ತಾರೆ. ಆ ಸಂಘಟಕರು ಯಾರೆಂದು ಒಮ್ಮೆ ತಿಳಿದುಕೊಂಡರೆ ಸಾಕು, ಮುಂದಿನ ವರ್ಷಗಳಲ್ಲಿ ಅವರೇ ನಿಮಗೆ ಸುದ್ದಿ ಮುಟ್ಟಿಸುತ್ತಾರೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1997ರಿಂದ ನಡೆದುಬಂದಿರುವ ‘ಶಿವಸಂಚಾರ’ವೂ ಇದೇ ರೀತಿ ಊರೂರು ಸುತ್ತುವ ತಂಡ. ನವೆಂಬರ್ ಮೊದಲ ವಾರದ ಆಸುಪಾಸಿನಲ್ಲಿ ಅಲ್ಲಿ ಹಲವು ದಿನಗಳ ನಾಟಕೋತ್ಸವ ನಡೆಯುತ್ತದೆ. ಸುತ್ತಲಿನ ಹಳ್ಳಿಗಳ ಜನ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಕುಳಿತು, ಗಂಭೀರ ನಾಟಕವನ್ನು ಸದ್ದಿಲ್ಲದೆ ನೋಡುವುದನ್ನು ಕಾಣುವುದಕ್ಕಾಗಿಯಾದರೂ ಅಲ್ಲಿಗೆ ಒಮ್ಮೆ ಹೋಗಬೇಕು.

ಮೈಸೂರಿನಲ್ಲಿ ದಸರಾ ಕಾರ್ಯಕ್ರಮಗಳ ಗದ್ದಲದ ನಡುವೆ ನಾಟಕ ಕಣ್ಣಿಗೆ ಬೀಳದೆ ಹೋಗುವ ಸಂಭವ ಹೆಚ್ಚು. ಬಿ.ವಿ. ಕಾರಂತರು ಮೊದಲ ನಿರ್ದೇಶಕರಾಗಿ 1989ರಲ್ಲಿ ಕಟ್ಟಿದ ರಂಗಾಯಣ ಎಂಬ ನಾಟಕ ಸಂಸ್ಥೆಯು ಕಲಾಮಂದಿರದ ಆವರಣದಲ್ಲಿಯೇ ಇದೆ. ಅಲ್ಲಿನ ಭೂಮಿಗೀತ ಮತ್ತು ವನರಂಗ ಎಂಬ ರಂಗಮಂದಿರಗಳಲ್ಲಿ ಯಾವ ದಿನ ಏನಿದೆ ಎಂಬುದನ್ನು ಕಲಾಮಂದಿರದ ಆವರಣಕ್ಕೇ ಹೋಗಿ ವಿಚಾರಿಸುವುದು ಹೆಚ್ಚು ಖಚಿತವಾದ ದಾರಿ. ಬೆಂಗಳೂರಿನಲ್ಲಿ ಜೆ.ಪಿ. ನಗರದ ರಂಗಶಂಕರ 2004ರ ಅಕ್ಟೋಬರ್‌ನಲ್ಲಿ ಬಾಗಿಲು ತೆರೆದದ್ದು. ಅಲ್ಲಿನ ವಾರ್ಷಿಕ ನಾಟಕೋತ್ಸವವೂ ಸಾಮಾನ್ಯವಾಗಿ ಈ ಕಾಲದಲ್ಲಿಯೇ ಬರುತ್ತದೆ. ರವೀಂದ್ರ ಕಲಾಕ್ಷೇತ್ರ ಮತ್ತು ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ಹವ್ಯಾಸಿ ತಂಡಗಳ ಪ್ರಯೋಗಗಳು ನಡೆಯುತ್ತಲೇ ಇರುತ್ತವೆ.

ಕರಾವಳಿಯವರಿಗೆ ಈ ಲೆಕ್ಕ ಬೇರೆ. ಮೇ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳು ದೀಪಾವಳಿಯ ನಂತರ, ಹೆಚ್ಚಾಗಿ ನವೆಂಬರ್‌ನಲ್ಲಿ, ಮತ್ತೆ ತಿರುಗಾಟಕ್ಕೆ ಹೊರಡುತ್ತವೆ. ಮೇಳ ಹೊರಡುವ ದಿನ ಆಯಾ ದೇವಸ್ಥಾನದಲ್ಲಿ ನಡೆಯುವ ಮೊದಲ ಸೇವೆಯಾಟಕ್ಕೆ ಹೋದರೆ, ತಿಂಗಳುಗಟ್ಟಲೆ ವಿರಾಮದ ನಂತರ ಕಲಾವಿದರು ಹೊಸ ಹುರುಪಿನಿಂದ ಕುಣಿಯುವುದನ್ನು ಕಾಣಬಹುದು.

ಸುದ್ದಿ ಹಿಡಿಯುವುದು

ನಗರಗಳಲ್ಲಿ ಬುಕ್‌ಮೈಶೋದಂತಹ ತಾಣಗಳಲ್ಲಿ ಟಿಕೆಟ್ ಸಿಗುತ್ತದೆಯಾದರೂ ಅಲ್ಲಿ ಕಾಣದ ನಾಟಕಗಳ ಸಂಖ್ಯೆಯೇ ದೊಡ್ಡದು. ತಾಲ್ಲೂಕು ಕೇಂದ್ರಗಳಲ್ಲಿ ನಡೆಯುವ ಪ್ರದರ್ಶನಗಳಿಗೆ ಟಿಕೆಟನ್ನು ಸಂಘಟಕರು ಪುಸ್ತಕದಂಗಡಿಯಲ್ಲೋ ಪರಿಚಿತರ ಕೈಯಲ್ಲೋ ಇಟ್ಟು ಮಾರುತ್ತಾರೆ, ಇಲ್ಲವೇ ನಾಟಕದ ಸಂಜೆ ಬಾಗಿಲಲ್ಲಿ ಮೇಜು ಹಾಕಿ ಕೊಡುತ್ತಾರೆ. ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ಬರುವ ಕಾರ್ಯಕ್ರಮಗಳ ಪಟ್ಟಿಯನ್ನು ಈ ಎರಡು ತಿಂಗಳು ತಪ್ಪದೆ ನೋಡುವುದು, ತಂಡಗಳ ಫೇಸ್‌ಬುಕ್ ಪುಟಗಳನ್ನು ಗಮನಿಸುವುದು, ಊರಿನ ರಂಗಾಸಕ್ತರ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಕೊಳ್ಳುವುದು ಇವೆಲ್ಲವೂ ಉಪಯುಕ್ತವೇ. ಆದರೂ ನನಗೆ ಹೆಚ್ಚು ನೆರವಾದದ್ದು ಬೇರೊಂದು ಅಭ್ಯಾಸ: ತಂಡದ ಇಡೀ ಸಂಚಾರದ ವೇಳಾಪಟ್ಟಿಯನ್ನು ಪಡೆದುಕೊಂಡು, ನಮ್ಮ ಊರಿನದಷ್ಟೇ ಅಲ್ಲ, ಮೂವತ್ತು ನಲವತ್ತು ಕಿಲೋಮೀಟರ್ ಸುತ್ತಳತೆಯ ಊರುಗಳ ದಿನಾಂಕಗಳನ್ನೂ ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಡುವುದು. ಸೋಮವಾರ ನಮ್ಮೂರಿನಲ್ಲಿ ತಪ್ಪಿದ ನಾಟಕವನ್ನು ಬುಧವಾರ ಪಕ್ಕದ ತಾಲ್ಲೂಕಿನಲ್ಲಿ ನೋಡಿದ ಸಂದರ್ಭಗಳು ಹಲವು.

ಹಾಡಿರುವ ನಾಟಕವನ್ನು ಆರಿಸಿಕೊಳ್ಳುವುದು

ನಮ್ಮಲ್ಲಿ ಹಾಡು ಬೇರೆ, ನಾಟಕ ಬೇರೆ ಎಂದು ಗೆರೆ ಎಳೆಯುವುದು ಕಷ್ಟ. ಹಾಡಿಲ್ಲದ ನಾಟಕವೇ ಕಡಿಮೆ. ಆದರೆ ಹಾಡು ಯಾರ ಬಾಯಲ್ಲಿದೆ ಎಂಬುದನ್ನು ಮೊದಲೇ ತಿಳಿದುಕೊಂಡು ಹೋದರೆ ಯಾವುದಕ್ಕೆ ಕಿವಿಗೊಡಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಯಕ್ಷಗಾನದಲ್ಲಿ ಹಾಡುವವರು ಭಾಗವತರು. ವೇಷಧಾರಿ ಆ ಪದಕ್ಕೆ, ಅಂದರೆ ಹಾಡಿಗೆ, ಕುಣಿದು, ಆಮೇಲೆ ಅದರ ಅರ್ಥವನ್ನು ತನ್ನ ಮಾತಿನಲ್ಲಿ ವಿಸ್ತರಿಸುತ್ತಾನೆ. ಇಡೀ ಆಟದ ವೇಗ, ಯಾವ ಪದವನ್ನು ಬಿಡಬೇಕು, ಯಾವುದನ್ನು ಎಳೆಯಬೇಕು ಎಂಬ ತೀರ್ಮಾನ ಭಾಗವತರದೇ. ಆದ್ದರಿಂದ ಅವರ ಮುಖ ಮತ್ತು ಕೈಯ ತಾಳ ಕಾಣುವ ಕಡೆಗೆ ಕುಳಿತುಕೊಳ್ಳಬೇಕು. ಪ್ರಸಂಗದ ಹೆಸರನ್ನು ಮೊದಲೇ ಕೇಳಿಕೊಂಡು, ಕಥೆಯನ್ನು ಮನೆಯಲ್ಲಿ ಹಿರಿಯರಿಂದ ಕೇಳಿಯೋ ಓದಿಯೋ ತಿಳಿದು ಹೋದರೆ, ಮುಂದೇನಾಗುತ್ತದೆ ಎಂಬ ಕಾತರವಿಲ್ಲದೆ ಮಾತಿನ ಚಮತ್ಕಾರವನ್ನು ಸವಿಯಲು ಸಾಧ್ಯವಾಗುತ್ತದೆ. ಮೊದಲ ಸಲ ನೋಡುವವರು ರಾತ್ರಿ ಪೂರ್ತಿ ನಡೆಯುವ ಆಟಕ್ಕಿಂತ ನಡುರಾತ್ರಿಯ ಹೊತ್ತಿಗೆ ಮುಗಿಯುವ ಕಾಲಮಿತಿಯ ಪ್ರಯೋಗವನ್ನು ಆರಿಸಿಕೊಳ್ಳುವುದು ಮೇಲು. ಒಂದು ಗಂಟೆ ಮೊದಲು ಹೋಗಿ, ಅನುಮತಿ ಕೇಳಿ ಚೌಕಿಯ, ಅಂದರೆ ಬಣ್ಣದ ಮನೆಯ, ಒಳಗೆ ಒಂದು ಬದಿಯಲ್ಲಿ ನಿಂತುಕೊಳ್ಳಿ. ಸಾಲಾಗಿ ಪೆಟ್ಟಿಗೆಗಳ ಮುಂದೆ ಕುಳಿತ ಕಲಾವಿದರು, ಎಡಗೈಯಲ್ಲಿ ಸಣ್ಣ ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುತ್ತಿರುತ್ತಾರೆ. ಹುಬ್ಬಿನ ಮೇಲಿನ ಒಂದು ಕಪ್ಪು ಗೆರೆ ತುಸು ಮೇಲೇರಿದರೆ ಅದುವರೆಗೆ ಸೌಮ್ಯವಾಗಿದ್ದ ಮುಖಕ್ಕೆ ಕ್ರೌರ್ಯ ಬರುವುದನ್ನು ಕಣ್ಣಾರೆ ಕಾಣಬಹುದು. ಅಲ್ಲಿ ಮಾತನಾಡಿಸಲು ಹೋಗಬಾರದು, ಕಿರೀಟ ಗೆಜ್ಜೆಗಳನ್ನು ಮುಟ್ಟಬಾರದು.

ಹಳೆಯ ಮೈಸೂರು ಸೀಮೆಯ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲಿ ಮತ್ತು ಉತ್ತರ ಕರ್ನಾಟಕದ ಕಂಪನಿ ನಾಟಕಗಳಲ್ಲಿ ಪಾತ್ರಧಾರಿಯೇ ಹಾಡುತ್ತಾನೆ. ರಂಗದ ಬದಿಯಲ್ಲಿ ಕುಳಿತ ಹಾರ್ಮೋನಿಯಂ ಮೇಷ್ಟ್ರು ಅವನ ಶ್ರುತಿಯನ್ನು ಎತ್ತಿ ಹಿಡಿಯುತ್ತಾರೆ. ಕುರುಕ್ಷೇತ್ರದಂತಹ ನಾಟಕದಲ್ಲಿ ಪಾತ್ರ ಮಾಡುವವರು ರೈತರು, ಶಿಕ್ಷಕರು, ಅಂಗಡಿಯವರು. ಎಷ್ಟೋ ಊರುಗಳಲ್ಲಿ ಅವರೇ ತಮ್ಮ ಪಾತ್ರಕ್ಕೆ ಇಷ್ಟೆಂದು ಹಣ ಕಟ್ಟಿ, ಮೇಷ್ಟ್ರ ಬಳಿ ತಿಂಗಳುಗಟ್ಟಲೆ ಕಂದಪದ್ಯ ಕಲಿತು, ಬಾಡಿಗೆ ಸೀನರಿಯ ಮುಂದೆ ಒಂದೇ ರಾತ್ರಿ ನಿಲ್ಲುತ್ತಾರೆ. ನಡುವೆ ನಂಟರು ರಂಗಕ್ಕೆ ಹತ್ತಿ ದುರ್ಯೋಧನನಿಗೆ ಹಾರ ಹಾಕುತ್ತಾರೆ, ನೋಟು ಸಿಕ್ಕಿಸುತ್ತಾರೆ, ಹೆಸರು ಮೈಕಿನಲ್ಲಿ ಕೂಗಲಾಗುತ್ತದೆ, ಆಮೇಲೆ ದುರ್ಯೋಧನ ನಿಲ್ಲಿಸಿದ ಪದ್ಯವನ್ನು ಮತ್ತೆ ಎತ್ತಿಕೊಳ್ಳುತ್ತಾನೆ. ಇದನ್ನು ರಸಭಂಗವೆಂದು ತಿಳಿದು ಅಸಹನೆಪಡಬಾರದು. ಆ ಊರಿನ ಮಟ್ಟಿಗೆ ಅದೂ ನಾಟಕದ ಭಾಗವೇ, ಮತ್ತು ಹಾರ ಹಾಕಿದ ಮೇಲೆ ಅದೇ ದನಿ ಇನ್ನೊಂದು ಸ್ಥಾಯಿಗೆ ಏರುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಬಾಗಲಕೋಟೆ, ಬೆಳಗಾವಿ ಕಡೆಗೆ ಹೋಗುವವರು ಹಾಡೇ ಹೆಚ್ಚಾಗಿರುವ ಜನಪದ ನಾಟಕಗಳಾದ ಶ್ರೀಕೃಷ್ಣ ಪಾರಿಜಾತ ಅಥವಾ ಸಣ್ಣಾಟ ಎಲ್ಲಿಯಾದರೂ ಇದೆಯೇ ಎಂದು ಕೇಳಿನೋಡಬೇಕು.

ಮೂರನೆಯದು ಆಧುನಿಕ ರಂಗದ ಹಾಡು. ಬಾಲ್ಯದಲ್ಲಿ ಗುಬ್ಬಿ ಕಂಪನಿಯಲ್ಲಿದ್ದು ಬಂದ ಬಿ.ವಿ. ಕಾರಂತರು ಹಾಡನ್ನು ಒಬ್ಬ ನಟನಿಂದ ಬಿಡಿಸಿ ಮೇಳಕ್ಕೆ, ಅಂದರೆ ಒಟ್ಟಾಗಿ ಹಾಡುವ ನಟರ ಗುಂಪಿಗೆ, ಹಂಚಿದರು. ಅವರು ನಿರ್ದೇಶಿಸಿದ ‘ಸತ್ತವರ ನೆರಳು’ ನಾಟಕದಲ್ಲಿ ದಾಸರ ಪದಗಳು ದೃಶ್ಯದ ಅರ್ಥವನ್ನೇ ಬದಲಿಸುವಂತೆ ಬರುತ್ತವೆ. ಇಂದಿನ ಎಷ್ಟೋ ತಂಡಗಳ ರಂಗಸಂಗೀತ ಈ ದಾರಿಯಲ್ಲಿಯೇ ನಡೆದಿದೆ. ಮನೆಯಲ್ಲಿ ನಾಟಕದ ಅಭ್ಯಾಸವಿಲ್ಲದವರನ್ನು, ಮಕ್ಕಳನ್ನು ಮೊದಲ ಸಲ ಕರೆದುಕೊಂಡು ಹೋಗುವುದಾದರೆ ಇಂತಹ ಮೇಳದ ಹಾಡುಗಳುಳ್ಳ, ಎರಡು ಗಂಟೆಯೊಳಗೆ ಮುಗಿಯುವ ನಾಟಕವನ್ನು ಆರಿಸಿಕೊಳ್ಳುವುದು ಸೂಕ್ತ.

ಹೋಗುವ ದಿನ

ಈ ಕಾಲದ ದೊಡ್ಡ ತೊಡಕು ಮಳೆ. ಹಸ್ತ, ಚಿತ್ತಾ, ಸ್ವಾತಿ ಮಳೆಗಳು ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಚಾಚಿಕೊಂಡಿರುತ್ತವೆ, ಹಿಂಗಾರಿನ ಮೋಡ ಹೆಚ್ಚಾಗಿ ಸಂಜೆಯ ಹೊತ್ತಿಗೇ ಕಟ್ಟುತ್ತದೆ. ಬೆಂಗಳೂರಿನ ಸಂಸ ಬಯಲು ರಂಗಮಂದಿರದಂತಹ ಕಡೆ ಪ್ರದರ್ಶನವಿದ್ದರೆ, ಹೊರಡುವ ಮೊದಲು ಸಂಘಟಕರಿಗೆ ಒಂದು ಕರೆ ಮಾಡಿ, ಮಳೆ ಬಂದರೆ ನಾಟಕ ಒಳಾಂಗಣಕ್ಕೆ ಹೋಗುತ್ತದೆಯೋ ಮುಂದಕ್ಕೆ ಹೋಗುತ್ತದೆಯೋ ಎಂದು ಕೇಳಿಕೊಳ್ಳಬೇಕು. ನವೆಂಬರ್ ಆದರೆ ಬಯಲಿನಲ್ಲಿ ಚಳಿ. ಶಾಲು, ಕೂರಲು ಒಂದು ಜಮಖಾನ ಜೊತೆಯಲ್ಲಿರಲಿ. ಹಳ್ಳಿಯ ನಾಟಕ ಮುಗಿಯುವ ಹೊತ್ತಿಗೆ ಕೊನೆಯ ಬಸ್ಸು ಹೋಗಿರುತ್ತದೆ ಎಂಬುದನ್ನು ಮರೆಯದೆ, ಮರಳುವ ವ್ಯವಸ್ಥೆಯನ್ನು ಹೋಗುವಾಗಲೇ ಮಾಡಿಕೊಳ್ಳಬೇಕು.

ಸಮಯದ ವಿಷಯದಲ್ಲಿ ಎರಡು ಬಗೆಯ ನಡೆಗಳಿವೆ. ಹಳ್ಳಿಯ ನಾಟಕ ಒಂಬತ್ತಕ್ಕೆಂದು ಅಚ್ಚಾಗಿದ್ದರೂ ಹತ್ತೂವರೆಗೆ ಆರಂಭವಾದೀತು. ನಗರದ ಕೆಲವು ರಂಗಮಂದಿರಗಳಲ್ಲಿ ಬಾಗಿಲು ಹಾಕಿದ ಮೇಲೆ ಯಾರಿಗೂ ಪ್ರವೇಶವಿಲ್ಲ. ರಂಗಶಂಕರ ಈ ಶಿಸ್ತನ್ನು ಆರಂಭದಿಂದಲೂ ಕಟ್ಟುನಿಟ್ಟಾಗಿ ಪಾಲಿಸಿಕೊಂಡು ಬಂದಿದೆ. ಒಮ್ಮೆ ನಾನು ಅಕ್ಕನ ಮಗಳನ್ನು ಕರೆದುಕೊಂಡು ಇನ್ನೊಂದು ರಂಗಮಂದಿರಕ್ಕೆ ನಾಲ್ಕು ನಿಮಿಷ ತಡವಾಗಿ ಹೋಗಿ, ಒಳಗಿನಿಂದ ಕೇಳುತ್ತಿದ್ದ ಮೊದಲ ಹಾಡನ್ನು ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ಕೇಳಬೇಕಾಯಿತು. ಆ ಮಗುವಿನ ಮುಖ ಈಗಲೂ ನೆನಪಿದೆ. ಆಮೇಲಿನಿಂದ ನಾನು ಒಂದು ಗಂಟೆ ಮೊದಲೇ ಹೋಗುತ್ತೇನೆ, ಅದರಿಂದ ಲಾಭವೂ ಆಗಿದೆ. ಸಂಚಾರಿ ತಂಡಗಳಲ್ಲಿ ನಟರೇ ಪೆಟ್ಟಿಗೆ ಇಳಿಸಿ, ಪರದೆ ಕಟ್ಟಿ, ದೀಪ ಏರಿಸುವುದುಂಟು. ಸಂಜೆ ಐದಕ್ಕೆ ಏಣಿಯ ಮೇಲೆ ನಿಂತು ದೀಪದ ಮೂತಿ ತಿರುಗಿಸುತ್ತಿದ್ದ ಹುಡುಗಿ ಏಳೂವರೆಗೆ ರಾಣಿಯಾಗಿ ರಂಗಕ್ಕೆ ಬರುವುದನ್ನು ಕಂಡ ಮಕ್ಕಳು ನಾಟಕವನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ.

ಕೂರುವ ಜಾಗದ ಬಗ್ಗೆ ಒಂದು ಮಾತು. ಹಾಡುಗಳು ಹೆಚ್ಚಿರುವ ನಾಟಕಕ್ಕೆ ಮೊದಲ ಎರಡು ಸಾಲು ಒಳ್ಳೆಯದಲ್ಲ. ಧ್ವನಿವರ್ಧಕ ಹತ್ತಿರವಿದ್ದು ವಾದ್ಯದ ಸದ್ದು ಸಾಹಿತ್ಯವನ್ನು ನುಂಗಿಬಿಡುತ್ತದೆ, ಮೇಳದ ಚಲನೆಯ ಪೂರ್ತಿ ಆಕಾರವೂ ಕಾಣುವುದಿಲ್ಲ. ಐದರಿಂದ ಹತ್ತನೆಯ ಸಾಲಿನ ನಡುಭಾಗ ಸಿಕ್ಕಿದರೆ ಬಿಡಬಾರದು. ಮಾತೇ ಪ್ರಧಾನವಾದ ನಾಟಕಕ್ಕಾದರೆ ಎಷ್ಟು ಮುಂದೆ ಕುಳಿತರೂ ಸರಿಯೇ.

ಮೊಬೈಲನ್ನು ಪೂರ್ತಿ ಆರಿಸಿಡಬೇಕು. ನಿಶ್ಶಬ್ದಕ್ಕೆ ಹಾಕಿದರೂ ಕತ್ತಲೆಯಲ್ಲಿ ಬೆಳಗುವ ಪರದೆ ನಟರ ಕಣ್ಣಿಗೆ ನೇರವಾಗಿ ಹೊಡೆಯುತ್ತದೆ. ಹಾಡನ್ನು ಧ್ವನಿಮುದ್ರಿಸಿಕೊಳ್ಳುವ ಆಸೆಯನ್ನೂ ಬಿಡಬೇಕು. ಹಾಡು ಇಷ್ಟವಾಗಿದ್ದರೆ ತಂಡದವರನ್ನು ಕೇಳಿ, ಹಲವು ತಂಡಗಳು ತಮ್ಮ ರಂಗಗೀತೆಗಳನ್ನು ತಾವೇ ಹೊರತಂದಿರುತ್ತವೆ.

ನಾಟಕ ಮುಗಿದ ಮೇಲೆ ನಟರ ಪರಿಚಯ ಮಾಡಿಕೊಡುವಾಗ ಎದ್ದು ಹೊರಡದೆ ಕುಳಿತಿರಿ. ಆಮೇಲೆ ತಂಡದವರು ರಂಗದ ಮೇಲೆಯೇ ಸಾಮಾನು ಕಟ್ಟಲು ತೊಡಗುತ್ತಾರೆ. ಆಗ ಅವರಲ್ಲಿ ಯಾರನ್ನಾದರೂ ನಾಳೆ ಎಲ್ಲಿ, ಯಾವ ನಾಟಕ ಎಂದು ಕೇಳಿ. ತಿರುಗಾಟ, ಶಿವಸಂಚಾರದಂತಹ ತಂಡಗಳ ಬಳಿ ಒಂದಕ್ಕಿಂತ ಹೆಚ್ಚು ನಾಟಕಗಳಿರುತ್ತವೆ. ನಿಮ್ಮೂರಿನಲ್ಲಿ ಒಂದನ್ನಷ್ಟೇ ಆಡಿದ್ದರೆ ಇನ್ನೊಂದು ಹತ್ತಿರದ ಊರಿನಲ್ಲಿ ಎರಡು ದಿನದ ಅಂತರದಲ್ಲಿಯೇ ಇರುವ ಸಾಧ್ಯತೆ ಇದೆ, ಮತ್ತು ಆ ಊರಿನ ಸಂಘಟಕರ ಫೋನ್ ನಂಬರು ಅವರ ಬಳಿ ಇರುತ್ತದೆ.